ಶಾಲು ಹೊದಿಸಿದರಷ್ಟೇ ಸಾಕೇ?

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದೊಡನೆ ನಮ್ಮ ಜಮಾಅತ್‌ಗಳು ಶೇ. 90ರ ಮೇಲೆ ಅಂಕ ಗಳಿಸಿದವರಿಗೆ ಶಾಲು ಹೊದಿಸಿ ಸ್ಮರಣಿಕೆ ನೀಡುತ್ತವೆ. ಶೇ. 55 ಪಡೆದ ಹುಡುಗ ಹಿಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿ ಮನೆಗೆ ಮರಳುತ್ತಾನೆ. ಅವನ ಮುಂದಿರುವುದು ಅಂಗಡಿಯ ಗಲ್ಲಾ, ಇಲ್ಲವೇ ಗಲ್ಫ್ ವೀಸಾದ ಕನಸು!

ಹತ್ತನೆಯ ತರಗತಿಯ ಬಳಿಕ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವನು ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೇ ಸೇರಬಹುದೆಂಬುದು ಎಷ್ಟು ಹೆತ್ತವರಿಗೆ ಗೊತ್ತು? ಕಲಾ ವಿಭಾಗದಲ್ಲಿ ಪಿಯುಸಿ ಓದಿದ ಹೆಣ್ಣುಮಗಳೂ ಕ್ಲಾಟ್ ಪರೀಕ್ಷೆಯ ಮೂಲಕ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯನ್ನು ಪ್ರವೇಶಿಸಬಹುದು. ನ್ಯಾಯಾಲಯಗಳಲ್ಲಿ ನಮ್ಮ ಪರ ವಾದಿಸುವವರಿಲ್ಲವೆಂದು ಗೋಳಾಡುವ ನಾವೇ ಅವಳನ್ನು ‘ಆರ್ಟ್ಸ್ ತಾನೇ’ ಎಂದು ಹೀಗಳೆಯುತ್ತೇವೆ.

2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರವು 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ಕಿತ್ತುಕೊಳ್ಳಲು ಹೊರಟಾಗ ಸಮುದಾಯ ಪ್ರತಿಭಟಿಸಿತು. ವಿವಾದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಪ್ರತಿಭಟಿಸಲೇಬೇಕಿತ್ತು. ಆದರೆ ಅದೇ ಮೀಸಲಾತಿಗೆ ಬೇಕಾದ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕಾಗಿ, ಸಿಇಟಿ ಅರ್ಜಿಯ ಗಡುವು ಮುಗಿಯುವ ಹೊತ್ತಿಗೆ ನಾಡಕಚೇರಿಗೆ ಧಾವಿಸುವವರೂ ನಾವೇ. ಹೋರಾಡಿ ಉಳಿಸಿಕೊಂಡ ಹಕ್ಕು ಒಂದು ಕಾಗದದ ಕೊರತೆಯಿಂದ ಕೈತಪ್ಪಿದರೆ ಯಾವ ಸರಕಾರವನ್ನು ದೂರೋಣ?

ಜುಮಾ ನಮಾಝ್‌ನ ಬಳಿಕ ಹತ್ತು ನಿಮಿಷ ಇಷ್ಟನ್ನು ವಿವರಿಸಲು ಮಸೀದಿ ಆಡಳಿತ ಸಮಿತಿಗಳು ನಿಧಿ ಸಂಗ್ರಹಿಸಬೇಕಾಗಿಲ್ಲ. ಊರಿನ ಒಬ್ಬ ಅಧ್ಯಾಪಕರನ್ನು ಕರೆದರಾಯಿತು.