ಮಾವನೆಂದರೆ ಎಷ್ಟು ಮಂದಿ?

ಕಳೆದ ರವಿವಾರ ಮುಗದದ ನಮ್ಮ ಮನೆಯಲ್ಲಿ ಒಂದು ಸಣ್ಣ ಕಲಹ ನಡೆಯಿತು. ಫಿನ್ಲೆಂಡಿನಲ್ಲಿರುವ ನನ್ನ ಅಕ್ಕನ ಮಗಳು ದೂರವಾಣಿಯಲ್ಲಿ ಮಾತನಾಡುತ್ತಿದ್ದಳು. ಮುಖ ಕಾಣುವ ದೂರವಾಣಿ; ಆದುದರಿಂದ ನನ್ನ ತಾಯಿಯೂ ಕನ್ನಡಕವೇರಿಸಿಕೊಂಡು ಪಕ್ಕದಲ್ಲಿ ಕುಳಿತಿದ್ದಳು. ಹುಡುಗಿ ನನ್ನನ್ನು ಕಂಡೊಡನೆ ನಗುತ್ತ, “ಎನೊ! ಆರಾಮ ಇದ್ದೀಯಿಲ್ಲೋ?” ಎಂದಳು.

ತಾಯಿಯ ಮುಖ ಕೆಂಪೇರಿತು. “ಪರದೇಶಕ್ಕ ಹೋಗಿ ಇದನ್ನ ಕಲತಿ ಏನವ್ವಾ? ಮಾವಗ ‘ಏನೋ’ ಅಂತಾರೇನು?”

“ಆಯಿ, ಇದು ಕನ್ನಡದ ‘ಏನೋ’ ಅಲ್ಲ. ಇಲ್ಲೆ ‘ಎನೊ’ ಅಂದ್ರ ಅವ್ವನ ಅಣ್ಣತಮ್ಮ. ನಮ್ಮ ಮಾವ ಇದ್ದಂಗ” ಎಂದು ಹುಡುಗಿ ಸಮಾಧಾನಪಡಿಸಿದಳು. ತಂದೆಯ ಸಹೋದರನಿಗೆ ಅಲ್ಲಿ ಬೇರೆಯ ಶಬ್ದವೇ ಇದೆಯೆಂದೂ, ಅದು ‘ಸೆತ್ಯಾ’ ಎಂದೂ ತಿಳಿಸಿದಳು. “ಹಂಗಾದ್ರ ಆ ಮಂದಿ ಶಾಣ್ಯಾ ಇದ್ದಾರ” ಎಂದು ತಾಯಿ ರಾಜಿಯಾದಳು. ಇಂಗ್ಲಿಷಿನ ‘ಅಂಕಲ್’ ಶಬ್ದದ ಮೇಲೆ ಅವಳಿಗೆ ಮೊದಲಿನಿಂದಲೂ ಸಿಟ್ಟು. ಕಾಕಾ, ಮಾವ, ಓಣಿಯಲ್ಲಿ ಹಾದುಹೋಗುವ ಅಪರಿಚಿತ, ಈ ಮೂವರನ್ನೂ ಒಂದೇ ಚೀಲದಲ್ಲಿ ತುಂಬುವ ಶಬ್ದವದು ಎಂಬುದು ಅವಳ ದೂರು.

ಹುಡುಗಿ ಇರುವುದು ಹೆಲ್ಸಿಂಕಿಗೆ ಹೊಂದಿಕೊಂಡಿರುವ ಎಸ್ಪೂ ನಗರದಲ್ಲಿ. ಹೊಸದಾಗಿ ಬಂದು ನೆಲೆಸಿದವರಿಗಾಗಿ ನಡೆಯುವ ಫಿನ್ನಿಶ್ ತರಗತಿಗೆ ಅವಳು ಹೋಗುತ್ತಿದ್ದಾಳೆ. ಆ ವಾರದ ಪಾಠ ಕುಟುಂಬದ್ದು. ಪ್ರತಿಯೊಬ್ಬರೂ ತಮ್ಮ ಮನೆತನದ ವಂಶವೃಕ್ಷವನ್ನು ಬರೆದು, ಯಾರು ಏನಾಗಬೇಕೆಂಬುದನ್ನು ಫಿನ್ನಿಶಿನಲ್ಲಿ ಹೇಳಬೇಕಾಗಿತ್ತು. ಅವಳಿಂದ ಕೇಳಿ ಕಲಿತ ಶಬ್ದಗಳನ್ನು ವಾಚಕರ ಮುಂದಿಡುತ್ತೇನೆ. ಆ ಭಾಷೆಯ ಕೆಲವು ಸ್ವರಗಳಿಗೆ ನಮ್ಮ ಲಿಪಿ ಒಗ್ಗುವುದಿಲ್ಲವಾದುದರಿಂದ ಸಮೀಪದ ಉಚ್ಚಾರವನ್ನಷ್ಟೇ ಬರೆದಿದ್ದೇನೆ.

ತಾಯಿ ‘ಆ್ಯಯ್ತಿ’, ತಂದೆ ‘ಇಸ್ಯಾ’. ಸಹೋದರ ‘ವೆಲಿ’, ಸಹೋದರಿ ‘ಸಿಸ್ಕೊ’. ಹಿರಿಯ ಕಿರಿಯರೆಂಬುದನ್ನು ಹೇಳಬೇಕಾದರೆ ಅವುಗಳ ಹಿಂದೆ ದೊಡ್ಡ ಎಂಬರ್ಥದ ‘ಇಸೊ’, ಚಿಕ್ಕ ಎಂಬರ್ಥದ ‘ಪಿಕ್ಕು’ ಸೇರಿಸುತ್ತಾರೆ, ಹೇಳದಿದ್ದರೂ ನಡೆಯುತ್ತದೆ. ನಮ್ಮಲ್ಲಿ ಹಾಗಲ್ಲ. ಅಣ್ಣನೋ ತಮ್ಮನೋ, ಅಕ್ಕನೋ ತಂಗಿಯೋ ಎಂಬುದು ಇತ್ಯರ್ಥವಾಗದೆ ಕನ್ನಡಿಗನು ಬಾಯಿ ತೆರೆಯಲಾರ. ಅವಳಿ ಮಕ್ಕಳಲ್ಲಿಯೂ ಯಾರು ಮೊದಲು ಹುಟ್ಟಿದರೆಂಬುದನ್ನು ವಿಚಾರಿಸಿಯೇ ನಾವು ಅವರನ್ನು ಕರೆಯತಕ್ಕದ್ದು.

ಈ ‘ಇಸೊ’ ಶಬ್ದವೇ ಹುಡುಗಿಯನ್ನು ಮೊದಲು ಎಡವಿಸಿತು. ನನ್ನ ಹಿರಿಯಕ್ಕ ಅವಳಿಗೆ ದೊಡ್ಡವ್ವ. ದೊಡ್ಡ ಎಂದರೆ ಇಸೊ, ಅವ್ವ ಎಂದರೆ ಆ್ಯಯ್ತಿ. ಎರಡನ್ನೂ ಕೂಡಿಸಿ ಅವಳು ‘ಇಸೊಆ್ಯಯ್ತಿ’ ಎಂದು ಬರೆದುಬಿಟ್ಟಳು. ಅಲ್ಲಿ ಆ ಶಬ್ದಕ್ಕೆ ಅಜ್ಜಿ ಎಂದರ್ಥ! ತಾಯಿಯ ಕಡೆಯಿಂದಲೇ ಇಬ್ಬರು ಅಜ್ಜಿಯರನ್ನು ಕಂಡು ಶಿಕ್ಷಕಿ ಬೆರಗಾದಳಂತೆ. ಕೊನೆಗೆ ದೊಡ್ಡವ್ವನನ್ನು ‘ತ್ಯಾತಿ’ ಎಂದು ತಿದ್ದಲಾಯಿತು. ಆದರೆ ತ್ಯಾತಿಯೆಂದರೆ ತಾಯಿಯ ಅಕ್ಕತಂಗಿಯರೂ ಹೌದು, ತಂದೆಯ ಅಕ್ಕತಂಗಿಯರೂ ಹೌದು. ಗಂಡಸರಲ್ಲಿ ಎನೊ, ಸೆತ್ಯಾ ಎಂದು ಬೇರೆಬೇರೆ ಮಾಡುವ ಭಾಷೆಯು ಹೆಂಗಸರ ವಿಷಯದಲ್ಲಿ ನಮ್ಮ ಚಿಗವ್ವನನ್ನೂ ಸೋದರತ್ತೆಯನ್ನೂ ಒಂದೇ ಮಣೆಯ ಮೇಲೆ ಕೂಡಿಸಿದೆ.

ಇನ್ನೊಂದು ಪ್ರಸಂಗ ಅವಳ ಮಕ್ಕಳದು. ಉದ್ಯಾನದಲ್ಲಿ ಎರಡೂವರೆ ವರ್ಷದ ಮಗನು ಆರು ವರ್ಷದ ಅಕ್ಕನನ್ನು “ಅಕ್ಕಾ, ಅಕ್ಕಾ” ಎಂದು ಕೂಗುತ್ತಿದ್ದನಂತೆ. ಬೆಂಚಿನ ಮೇಲೆ ಕುಳಿತಿದ್ದ ವೃದ್ಧೆಯೊಬ್ಬಳು ಹುಬ್ಬುಗಂಟಿಕ್ಕಿ ತಿರುಗಿ ನೋಡಿದಳು. ಫಿನ್ನಿಶಿನಲ್ಲಿ ‘ಅಕ್ಕ’ ಎಂದರೆ ಮುದುಕಿ. ಅದೂ ಗೌರವದ ಶಬ್ದವಲ್ಲ.

ಇಂಥ ಹೋಲಿಕೆಗಳನ್ನು ಕಂಡಾಗ ಮನಸ್ಸು ಹಿಗ್ಗುವುದುಂಟು. ಗಂಡನ ಸಹೋದರಿಗೆ ಫಿನ್ನಿಶಿನಲ್ಲಿ ‘ನತೊ’ ಎಂಬ ಹಳೆಯ ಶಬ್ದವಿದೆ, ನಮ್ಮದು ನಾದಿನಿ. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ರಾಬರ್ಟ್ ಕಾಲ್ಡ್‌ವೆಲ್ಲರು ಕೂಡ ನಮ್ಮ ಭಾಷೆಗಳಿಗೂ ಫಿನ್ನಿಶ್ ಬಳಗದ ಭಾಷೆಗಳಿಗೂ ನಂಟಿದೆಯೆಂದು ಎಣಿಸಿದ್ದರು. ಆದರೆ ಇಂದಿನ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ. ದನಿಯ ಹೋಲಿಕೆಯೊಂದರಿಂದಲೇ ಬೀಗತನ ಬೆಳೆಸಹೊರಟರೆ ‘ಅಪ್ಪಿ’ಯ ಗತಿಯೇನು? ನಮ್ಮಲ್ಲಿ ಅದು ಮುದ್ದಿನ ಕೂಸು; ಫಿನ್ನಿಶಿನಲ್ಲಿ ಹೆಣ್ಣು ಅಥವಾ ಗಂಡು ಕೊಟ್ಟ ಮಾವ!

ನನ್ನ ಮನಸ್ಸಿಗೆ ಹೆಚ್ಚು ನಾಟಿದುದು ಬೇರೊಂದು ಸಂಗತಿ. ಫಿನ್ನಿಶಿನಲ್ಲಿ ತಾಯಿಗಿರುವ ‘ಆ್ಯಯ್ತಿ’ ಶಬ್ದವೇ ಜರ್ಮಾನಿಕ್ ಭಾಷೆಗಳಿಂದ ಎರವಲು ಬಂದದ್ದು. ಮಗಳೆಂಬರ್ಥದ ‘ತ್ಯುತ್ಯಾರ್’, ಸಹೋದರಿಯೆಂಬರ್ಥದ ‘ಸಿಸರ್’ ಬಾಲ್ಟಿಕ್ ಭಾಷೆಗಳಿಂದ ಬಂದವು. ತಾಯಿಗಿದ್ದ ಹಳೆಯ ಶಬ್ದ ‘ಎಮೊ’ ಈಗ ಹೆಚ್ಚಾಗಿ ಪಶುಪಕ್ಷಿಗಳ ತಾಯಿಗೆ ಸಲ್ಲುತ್ತದೆ. ನಮ್ಮ ಧಾರವಾಡ ಸೀಮೆಯ ಕಾಕಾ, ವೈನಿ ಮರಾಠಿಯಿಂದ ಬಂದವೆಂದು ಮೂಗು ಮುರಿಯುವ ಶುದ್ಧಕನ್ನಡವಾದಿಗಳು ಇದನ್ನು ಗಮನಿಸಬೇಕು. ಶಬ್ದ ಯಾರಲ್ಲಿಂದ ಬಂದರೇನು, ಕರೆದಾಗ ತಾಯಿ ಓಗೊಟ್ಟರೆ ಆಯಿತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ವಂಶವೃಕ್ಷದಲ್ಲಿ ಹುಡುಗಿ ನನ್ನನ್ನೂ ‘ಮಾವ’ ಎಂದು ಬರೆದಿದ್ದಳು, ತನ್ನ ಗಂಡನ ತಂದೆಯನ್ನೂ ‘ಮಾವ’ ಎಂದೇ ಬರೆದಿದ್ದಳು. ಶಿಕ್ಷಕಿ ನನ್ನ ಹೆಸರಿನ ಕೆಳಗೆ ‘ಎನೊ’ ಎಂದೂ ಅವರ ಹೆಸರಿನ ಕೆಳಗೆ ‘ಅಪ್ಪಿ’ ಎಂದೂ ಬರೆಯಿಸಿ, “ಇಬ್ಬರಿಗೂ ನಿಮ್ಮಲ್ಲಿ ಒಂದೇ ಶಬ್ದವೇಕೆ?” ಎಂದು ಕೇಳಿದಳಂತೆ. “ನನಗ ಹೇಳಾಕ ಬರಲಿಲ್ಲ ಮಾವಾ. ನೀ ಕನ್ನಡದ ಮಾಸ್ತರ, ನೀನ ಹೇಳು” ಎಂದು ಅವಳು ಪ್ರಶ್ನೆಯನ್ನು ನನ್ನತ್ತ ದೂಡಿದಳು.

ಶಾಸ್ತ್ರದ ಉತ್ತರ ಕಠಿಣವಲ್ಲ. ನಮ್ಮಲ್ಲಿ ತಂದೆಯ ಅಣ್ಣ ದೊಡ್ಡಪ್ಪ, ತಾಯಿಯ ಅಕ್ಕ ದೊಡ್ಡವ್ವ. ಅವರೂ ಒಂದು ಬಗೆಯ ತಂದೆತಾಯಿಗಳೇ, ಅವರ ಮಕ್ಕಳು ನಮಗೆ ಅಣ್ಣತಮ್ಮ ಅಕ್ಕತಂಗಿಯರೇ. ಆದರೆ ತಾಯಿಯ ಸಹೋದರ ಮಾವ, ತಂದೆಯ ಸಹೋದರಿ ಅತ್ತೆ. ಅವರ ಮಕ್ಕಳನ್ನು ಮದುವೆಯಾಗಬಹುದು. ಹಾಗಾದಾಗ ಮಾವನೇ ಮಾವನಾಗುತ್ತಾನೆ, ಅತ್ತೆಯೇ ಅತ್ತೆಯಾಗುತ್ತಾಳೆ. ಎರಡನೆಯ ಶಬ್ದದ ಅವಶ್ಯಕತೆ ಬೀಳಲಿಲ್ಲ. ಅಮೇರಿಕದ ಲೂಯಿಸ್ ಹೆನ್ರಿ ಮಾರ್ಗನ್ ಎಂಬ ವಕೀಲನು ಜಗತ್ತಿನ ಬಂಧುವಾಚಕಗಳನ್ನು ಸಂಗ್ರಹಿಸಿ 1871ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಫಿನ್ನಿಶ್ ಮೊದಲನೆಯ ಭಾಗದಲ್ಲಿದೆ. ತಮಿಳು ತೆಲುಗುಗಳೊಡನೆ ಕನ್ನಡವು ಮೂರನೆಯ ಭಾಗದಲ್ಲಿದೆ. ಇರಾವತಿ ಕರ್ವೆಯವರೂ ಭಾರತದ ಬಂಧುವ್ಯವಸ್ಥೆಯನ್ನು ಕುರಿತ ತಮ್ಮ 1953ರ ಗ್ರಂಥದಲ್ಲಿ ಈ ಭೇದವನ್ನು ಎತ್ತಿ ತೋರಿಸಿದರು. ಉತ್ತರದ ಹೆಣ್ಣು ಅಪರಿಚಿತರ ಮನೆಗೆ ಸೊಸೆಯಾಗಿ ಹೋಗುತ್ತಾಳೆ. ದಕ್ಷಿಣದ ಹೆಣ್ಣಿಗೆ ಗಂಡನ ಮನೆಯೂ ಹಲವೊಮ್ಮೆ ಬಳಗದ ಮನೆಯೇ ಆಗಿರುತ್ತದೆ.

ಕರ್ನಾಟಕದಲ್ಲಿಯೇ ಮಾವನ ತೂಕ ಊರಿಂದೂರಿಗೆ ಬೇರೆ. ತುಳುನಾಡಿನ ಅಳಿಯಸಂತಾನದ ಕುಟುಂಬಗಳಲ್ಲಿ ಮನೆತನವು ತಂದೆಯಿಂದ ಮಗನಿಗಲ್ಲ, ಸೋದರಮಾವನಿಂದ ಅಳಿಯನಿಗೆ ಇಳಿಯುತ್ತಿತ್ತು. ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ಅವರು ಆ ನಾಡಿಗೆ ಬಂದು, 1990ರಲ್ಲಿ ಗೋಪಾಲ ನಾಯ್ಕರ ಬಾಯಿಂದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು ಧ್ವನಿಮುದ್ರಿಸಿಕೊಂಡರು. ವಿವೇಕ ರೈ, ಚಿನ್ನಪ್ಪ ಗೌಡ ಮತ್ತು ಅನ್ನೆಲಿ ಹೊಂಕೊ ಅವರ ಸಹಕಾರದಿಂದ ಅದು 1998ರಲ್ಲಿ ಹೆಲ್ಸಿಂಕಿಯಲ್ಲಿ ಅಚ್ಚಾಯಿತು. ಮುಗದದ ಹುಡುಗಿ ಅಲ್ಲಿಯ ಎನೊವನ್ನು ಕಲಿಯುವ ಎಷ್ಟೋ ಮೊದಲೇ ಫಿನ್ಲೆಂಡಿನವರು ಬಂದು ನಮ್ಮ ನಾಡಿನ ನಂಟುಗಳನ್ನು ಅರಿಯಲು ಶ್ರಮಿಸಿದ್ದರೆಂಬುದು ಸಂತೋಷದ ಸಂಗತಿ.

ಇದಿಷ್ಟನ್ನು ಹೇಳಿ ನಾನು ಸುಮ್ಮನಾಗಬಹುದಾಗಿತ್ತು. ಆದರೆ ಉತ್ತರ ಅಲ್ಲಿಗೇ ಮುಗಿಯುವುದಿಲ್ಲವೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಮ್ಮ ಕಡೆಗೆ ಮಾವನು ಮಾವನಾಗುವುದಷ್ಟೇ ಅಲ್ಲ, ಗಂಡನೂ ಆಗಬಹುದು. ಅಕ್ಕನ ಮಗಳ ಮೇಲೆ ತಮ್ಮನಿಗೆ ಹಕ್ಕು ಎಂಬುದು ಹಳೆಯ ರೂಢಿ. 1955ರ ಹಿಂದೂ ವಿವಾಹ ಕಾಯಿದೆಯು ಈ ನಂಟನ್ನು ನಿಷಿದ್ಧ ಸಂಬಂಧಗಳ ಪಟ್ಟಿಯಲ್ಲಿ ಸೇರಿಸಿದರೂ, ಇಬ್ಬರ ಕುಲದಲ್ಲಿಯೂ ಅಂಥ ರೂಢಿಯಿದ್ದರೆ ಆಗಬಹುದೆಂದು ಬಾಗಿಲನ್ನು ಅರ್ಧ ತೆರೆದೇ ಇಟ್ಟಿದೆ.

ಒಂಬತ್ತು ವರ್ಷಗಳ ಹಿಂದೆ ನಮ್ಮ ಮನೆಯ ಹಿರಿಯರು ಆ ಬಾಗಿಲನ್ನು ತಟ್ಟಿದರು. ನಾನಾಗ ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿ ಹೆಚ್ಚು ಕಾಲವಾಗಿರಲಿಲ್ಲ. “ಹೊರಗಿನ ಹುಡುಗಿ ಯಾಕ, ಮನ್ಯಾಗ ಸೊಸಿ ಅದಾಳ” ಎಂದರು. ಅವಳು ಹುಟ್ಟಿದಾಗ ನನಗೆ ಒಂಬತ್ತು ವರ್ಷ. ಕೂಸನ್ನು ಬಗಲಲ್ಲಿ ಎತ್ತಿಕೊಂಡು ಮುಗದದ ಸ್ಟೇಶನ್ನಿಗೆ ಹೋಗಿ ಅಳ್ನಾವರದ ಗಾಡಿ ತೋರಿಸಿದವನು ನಾನು. ಪಾಟಿಯ ಮೇಲೆ ಅವಳ ಕೈಹಿಡಿದು ಅಕ್ಷರ ತಿದ್ದಿಸಿದವನೂ ನಾನೇ. ನಾನು ಆಗದೆಂದೆ. ಅಕ್ಕ ಅದನ್ನು ಅಪಮಾನವೆಂದು ತಿಳಿದಳು. “ನನ್ನ ಮಗಳಾಗ ಏನ ಕೊರತಿ ಕಂಡಿ?” ಎಂದು ಕೇಳಿದಳು. ಕೊರತೆಯೇನೂ ಇರಲಿಲ್ಲ. “ನಾನು ಅವಳ ಮಾವ” ಎಂದೆ. “ಅದಕ್ಕಽ ಅಂತೀನಿ, ನೀ ಮಾವ” ಎಂದಳು ಅಕ್ಕ. ಒಂದೇ ಶಬ್ದವನ್ನು ನಾನು ನಿರಾಕರಣೆಗಾಗಿ ಆಡಿದೆ, ಅವಳು ಹಕ್ಕಿಗಾಗಿ ಆಡಿದಳು. ಸೋದರಮಾವನೆಂಬ ಬೇರೆಯ ಶಬ್ದವಿಲ್ಲವೇ ಎಂದು ವಾಚಕರು ಕೇಳಬಹುದು. ಇದೆ, ಆದರೆ ಆ ಹಕ್ಕುದಾರನೇ ಸೋದರಮಾವನಲ್ಲವೇ? ಮುಂದೆ ಒಂದು ವರ್ಷ ಅಕ್ಕ ತವರಿನ ಹೊಸ್ತಿಲು ತುಳಿಯಲಿಲ್ಲ.

ಇಷ್ಟೆಲ್ಲದರ ನಡುವೆ ಹುಡುಗಿಯ ಮನಸ್ಸೇನೆಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲವೆಂಬುದನ್ನು ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಮರುವರ್ಷ ಹುಬ್ಬಳ್ಳಿಯ ಕಡೆಯ ವರನೊಡನೆ ಅವಳ ಲಗ್ನ ಗೊತ್ತಾಯಿತು. ಮದುಮಗಳನ್ನು ಹಂದರಕ್ಕೆ ಕರೆತರುವುದು ಸೋದರಮಾವನ ಕೆಲಸ. ಕರೆ ಬಂದೀತೋ ಇಲ್ಲವೋ ಎಂದು ನಾನು ಹಿಂದಿನ ಸಾಲಿನಲ್ಲಿ ನಿಂತಿದ್ದೆ. ಅಕ್ಕನೇ ಮಂದಿಯನ್ನು ಸರಿಸಿಕೊಂಡು ಬಂದು, “ಹೊತ್ತಾತು. ಮಾವ ಆದವ ಹಿಂಗ ದೂರ ನಿಂತರ ಹೆಂಗ?” ಎಂದು ಕೈಹಿಡಿದು ಎಳೆದೊಯ್ದಳು. ಆ ದಿನ ಆ ಶಬ್ದವನ್ನು ನಾವಿಬ್ಬರೂ ಒಂದೇ ಅರ್ಥದಲ್ಲಿ ಕೇಳಿದೆವು.

ದೂರವಾಣಿಯಲ್ಲಿ ಇದನ್ನೆಲ್ಲ ಆಡಲಿಲ್ಲ. “ಶಿಕ್ಷಕಿಗೆ ಕೊನೆಗೆ ಏನು ಹೇಳಿದೆ?” ಎಂದಷ್ಟೇ ಕೇಳಿದೆ.

“ನಮ್ಮ ಭಾಷಾದಾಗ ಒಬ್ಬ ಮಾವ ಭಾಳ ಮಂದಿ ಆಗಬಹುದು, ನನ್ನ ಮಾವ ಮಾತ್ರ ಎನೊ ಆಗೇ ಉಳದ ಅಂತ ಹೇಳಿದೆ” ಎಂದಳು. ಸ್ವಲ್ಪ ತಡೆದು, “ಛಲೋ ಆತು ಮಾವಾ” ಎಂದಳು.

ಅವಳನ್ನು ಅಂದು ಕೇಳದಿದ್ದ ಪ್ರಶ್ನೆಗೆ ಇಂದು ಉತ್ತರ ಬಂತು. ಅಕ್ಕನೆದುರು ನಾನು ತಡವರಿಸುತ್ತಿದ್ದಾಗ ನನಗೆ ಬೇಕಾಗಿದ್ದ ಶಬ್ದ ಕನ್ನಡದಲ್ಲಿ ದೊರೆಯಲಿಲ್ಲ. ಫಿನ್ನಿಶಿನಲ್ಲಿ ಅದು ಎರಡಕ್ಷರದಲ್ಲಿ ಸಿದ್ಧವಾಗಿತ್ತು. ಆದರೆ ಎನೊ ಎಂಬವನಿಗೆ ಹಂದರದ ಕೆಲಸ ಹೇಳುವವರಾರು? ಅದಕ್ಕೆ ಮಾವನೇ ಆಗಬೇಕು.

ಪಕ್ಕದಲ್ಲಿ ಕುಳಿತಿದ್ದ ತಾಯಿ ಎಲ್ಲವನ್ನೂ ಕೇಳಿ, “ಅಲ್ಲೆ ಏನರೆ ಅನ್ನು, ಊರಿಗೆ ಬಂದಾಗ ಮಾವಾ ಅನ್ನವ್ವಾ” ಎಂದಳು.