ಮೋಟಾರು ಬಿಸಿಯಾಯಿತೇ?

ಭದ್ರಾವತಿಯ ಕಾರ್ಖಾನೆಗೆ ಒಂದು ಕಾಲದಲ್ಲಿ ಅದಿರು ಕಳಿಸುತ್ತಿದ್ದ ಕೆಮ್ಮಣ್ಣುಗುಂಡಿ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಚಳಿಗೆ ಮೋಟಾರು ಬಿಸಿಯಾಗದು ಎಂದುಕೊಂಡಿರಾ? ಅದು ಅರ್ಧ ಸತ್ಯ. ಎತ್ತರದ ತೆಳುಗಾಳಿ ಶಾಖವನ್ನು ಸರಿಯಾಗಿ ಹೊತ್ತೊಯ್ಯದು. ಆದ್ದರಿಂದಲೇ ಸಾಮಾನ್ಯ ಮೋಟಾರುಗಳ ಸಾಮರ್ಥ್ಯವನ್ನು 1,000 ಮೀಟರ್ ಎತ್ತರದವರೆಗೆ, 40 ಡಿಗ್ರಿ ಸೆಲ್ಸಿಯಸ್ ಗಾಳಿಗೆ ಲೆಕ್ಕ ಹಾಕಿ ಹೇಳುತ್ತಾರೆ. ಗಾಳಿ ತಂಪಾಗಿದ್ದರೆ ಈ ಕೊರತೆ ಬಹುಮಟ್ಟಿಗೆ ತುಂಬಿಬರುತ್ತದೆ, ನಿಜ.

ಹಾಗಾಗಿ ರಜೆಗೆ ಒಯ್ದ ಬ್ಯಾಟರಿ ಬಂದೂಕಿನ (ಏರ್‌ಸಾಫ್ಟ್) ಹಿಡಿ ಸುಡುತ್ತಿದ್ದರೆ ತಪ್ಪು ಗುಡ್ಡದ್ದಲ್ಲ. ಅದರ ಮೋಟಾರು ಹಲ್ಲುಚಕ್ರಗಳ ಮೂಲಕ ಗಟ್ಟಿ ಸ್ಪ್ರಿಂಗನ್ನು ಹಿಂದಕ್ಕೆಳೆಯುತ್ತದೆ. ತಿರುಗುವ ಮೋಟಾರು ತನ್ನೊಳಗೇ ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟನ್ನು ತಡೆಹಿಡಿಯುತ್ತದೆ. ಚಕ್ರ ಬಿಗಿಯಾಗಿ ವೇಗ ಕುಗ್ಗಿದರೆ ಆ ತಡೆಯೂ ಕುಗ್ಗುತ್ತದೆ. ಕರೆಂಟು ಎರಡು ಪಟ್ಟಾದರೆ ಸುರುಳಿಯ ಶಾಖ ನಾಲ್ಕು ಪಟ್ಟು!

ಮೊದಲು ಗುಂಡು, ಬ್ಯಾಟರಿ ಎರಡನ್ನೂ ತೆಗೆಯಿರಿ. ಬ್ಯಾಟರಿಯ ವೋಲ್ಟೇಜ್ ಕೈಪಿಡಿ ಹೇಳಿದ್ದಕ್ಕಿಂತ ಹೆಚ್ಚಿದೆಯೇ ನೋಡಿ. ಬಳಿಕ ದೊಡ್ಡವರ ಎದುರಿನಲ್ಲಿ ಮೋಟಾರನ್ನು ಬಿಚ್ಚಿ ಒಂದೆರಡು ಸೆಕೆಂಡು ಒಂಟಿಯಾಗಿ ಓಡಿಸಿ. ಆಗಲೂ ಬಿಸಿಯೇರಿದರೆ ಬ್ರಷ್ಷೋ ಸುರುಳಿಯೋ ಕೆಟ್ಟಿದೆ. ತಣ್ಣಗಿದ್ದರೆ ದೋಷ ಚಕ್ರಗಳ ಕಡೆ: ಎಷ್ಟೋ ಮಾದರಿಗಳಲ್ಲಿ ಹಿಡಿಯ ತಳದ ತಿರುಪನ್ನು ತುಸು ಸಡಿಲಿಸಿದರೆ ಸಾಕು. ಸುಟ್ಟ ವಾಸನೆ ಬಂದರೆ ಮಾತ್ರ ರಿಪೇರಿಗೆ ಇಳಿಯದೆ ಬ್ಯಾಟರಿ ಕಳಚಿಬಿಡಿ. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಮಕ್ಕಳು ಮುಟ್ಟಲೇಬಾರದು.