ಧರ್ಮದ ಹೆಸರಿನ ವ್ಯಾಪಾರ: ಲೆಕ್ಕ ಕೊಡುವವರು ಯಾರು?

ನಮ್ಮ ಪೇಟೆ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬನ್ನಿ. ಒಂದಲ್ಲ ಒಂದು ಅಂಗಡಿಯ ಗಲ್ಲಾ ಪಕ್ಕದಲ್ಲಿ ಎರಡು ಸ್ಕ್ಯಾನರ್ ಕಾಣುತ್ತವೆ. ಒಂದು ಸಾಮಾನಿನ ದುಡ್ಡಿಗೆ, ಇನ್ನೊಂದು ಪುಣ್ಯಕ್ಕೆ. ಯಾರ ಖಾತೆ ಇದು ಎಂದು ಕೇಳಿದರೆ, "ಯಾರೋ ಹುಡುಗರು ಬಂದು ಅಂಟಿಸಿ ಹೋದ್ರು ಸಾರ್, ಅನಾಥ ಮಕ್ಕಳಿಗಂತೆ" ಎಂಬ ಉತ್ತರ ಸಿಗುತ್ತದೆ. ಅನಾಥ ಮಕ್ಕಳು ಎಲ್ಲಿದ್ದಾರೆ, ಎಷ್ಟು ಮಂದಿ, ಹೋದ ತಿಂಗಳು ಎಷ್ಟು ಬಂತು? ಗೊತ್ತಿಲ್ಲ. ಅದೇ ಅಂಗಡಿಯವರು ಉದ್ರಿ ಕೊಡುವಾಗ ಗಿರಾಕಿಯ ಮೂರು ತಲೆಮಾರು ವಿಚಾರಿಸುತ್ತಾರೆ.

ಕಪಾಟಿನ ಕಡೆ ನೋಡಿದರೆ ಅಲ್ಲೂ ಪುಣ್ಯವೇ. ಈ ಪೌಡರ್ ಕೊಂಡರೆ ಹೆಣ್ಣು ಮಗುವಿನ ಓದಿಗೆ ನೆರವು, ಆ ಬಿಸ್ಕತ್ತು ಕೊಂಡರೆ ಬಡಮಗುವಿನ ಊಟ. ಬೆಳಿಗ್ಗೆ ಬಸ್ಸು ಹತ್ತಿ ಕೂತರೆ ಫೋನಿನಲ್ಲಿ ಆಸ್ಪತ್ರೆ ಮಂಚದ ಮೇಲಿನ ಕೂಸಿನ ಫೋಟೋ. ಕೆಳಗೆ ಒಂದು ಖಾತೆ ನಂಬರು, "ದಯವಿಟ್ಟು ಹತ್ತು ಜನಕ್ಕೆ ಕಳಿಸಿ" ಎಂಬ ಒಕ್ಕಣೆ. ನಮ್ಮ ಜನ ಕಳಿಸುತ್ತಾರೆ. ಕೆಲವರು ದುಡ್ಡನ್ನೂ ಹಾಕುತ್ತಾರೆ. ಊರಿನ ಜನ ಕರುಣೆಯಿಲ್ಲದವರಲ್ಲ. ಆದರೆ ಕರುಣೆಯಿಂದ ಕೊಟ್ಟ ಹಣದ ಲೆಕ್ಕ ಕೇಳುವುದನ್ನು ಮಾತ್ರ ಬಿಟ್ಟುಬಿಟ್ಟಿದ್ದೇವೆ. ಈ ಅಂಕಣದ ತಕರಾರು ಇಷ್ಟೇ.

ವ್ಯಾಪಾರದ ಜೊತೆಗೆ ಧರ್ಮವನ್ನು ಸೇರಿಸುವುದು ಹೊಸದೇನಲ್ಲ. ಹಳೆಯ ಮಂಡಿ ವರ್ತಕರಿಗೆ 'ಧರ್ಮಾದಾ' ಎಂಬ ಶಬ್ದ ಗೊತ್ತಿರುತ್ತದೆ. ಬಿಲ್ಲು ಬರೆಯುವಾಗ ಸರಕಿನ ಬೆಲೆ, ಹಮಾಲಿ, ಸಾಗಣೆ ಎಲ್ಲ ಆದ ಮೇಲೆ ಕೊನೆಗೆ ಒಂದು ಸಣ್ಣ ಮೊತ್ತ ಧರ್ಮದ ಬಾಬ್ತು. ಛತ್ರ, ಅನ್ನದಾನ, ಗೋಶಾಲೆ, ಪಾಠಶಾಲೆಗಳಿಗೆ ಆ ದುಡ್ಡು. ಈ ಧರ್ಮಾದಾ ಹಣ ವ್ಯಾಪಾರಿಯ ಆದಾಯವೋ ಅಲ್ಲವೋ ಎಂಬ ಜಗಳ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಉತ್ತರ ಪ್ರದೇಶದ ಹಾಥರಸ್‌ನ ಬಿಜಲಿ ಕಾಟನ್ ಮಿಲ್ಸ್ ಎಂಬ ಗಿರಣಿಯದು ಆ ಕೇಸು. ಆದಾಯ ತೆರಿಗೆ ಇಲಾಖೆ ಅದಕ್ಕೂ ತೆರಿಗೆ ಕಟ್ಟಿ ಎಂದಿತ್ತು. 1978ರಲ್ಲಿ ಕೋರ್ಟು ಹೇಳಿದ್ದು: ಗಿರಾಕಿ ಧರ್ಮಕ್ಕೆಂದು ಕೊಟ್ಟ ಹಣ ವ್ಯಾಪಾರಿಯ ಆದಾಯ ಅಲ್ಲ, ಧರ್ಮಕ್ಕೇ ಖರ್ಚು ಮಾಡುವ ಹೊಣೆ ಹೊತ್ತು ಆತ ಅದನ್ನು ಇಟ್ಟುಕೊಂಡಿರುತ್ತಾನೆ.

ಈ ಮಾತನ್ನು ನಮ್ಮ ವರ್ತಕರು ಗಲ್ಲಾಪೆಟ್ಟಿಗೆಯ ಮೇಲೆ ಬರೆಸಿ ಹಾಕಿಕೊಳ್ಳಬಹುದು. ಧರ್ಮದ ಹೆಸರಿನಲ್ಲಿ ಬಂದ ದುಡ್ಡು ನಿಮ್ಮ ಅಂಗಡಿಯೊಳಗೆ ಬಂದ ಮಾತ್ರಕ್ಕೆ ನಿಮ್ಮದಲ್ಲ. ಹಾಗೆಯೇ, ಅದು ನಿಮಗೆ ಸಂಬಂಧವಿಲ್ಲದ್ದೂ ಅಲ್ಲ.

ದೊಡ್ಡ ಕಂಪನಿಗಳು ಇದನ್ನು ಕಲಿತದ್ದು ಆಮೇಲೆ. 1983ರಲ್ಲಿ ಅಮೇರಿಕನ್ ಎಕ್ಸ್‌ಪ್ರೆಸ್ ಎಂಬ ಕಾರ್ಡಿನ ಕಂಪನಿ ನ್ಯೂಯಾರ್ಕಿನ ಸ್ವಾತಂತ್ರ್ಯದೇವಿ ಪ್ರತಿಮೆಯ ದುರಸ್ತಿಗೆ ಒಂದು ಯೋಜನೆ ಹಾಕಿತು. ಗಿರಾಕಿ ಕಾರ್ಡು ಬಳಸಿದಷ್ಟು ಸಲ ಒಂದೊಂದು ಸೆಂಟು, ಹೊಸ ಕಾರ್ಡು ಮಾಡಿಸಿದರೆ ಒಂದು ಡಾಲರು ದುರಸ್ತಿ ನಿಧಿಗೆ. ಆ ವರ್ಷದ ಕೊನೆಯ ಮೂರು ತಿಂಗಳಲ್ಲಿ ಸುಮಾರು 17 ಲಕ್ಷ ಡಾಲರ್ ಸೇರಿತು. ಕಾರ್ಡಿನ ಬಳಕೆ ಕಾಲುಭಾಗಕ್ಕೂ ಹೆಚ್ಚು ಏರಿತು. ಪ್ರತಿಮೆ ರಿಪೇರಿಯಾಗಿ 1986ರಲ್ಲಿ ಜನರಿಗೆ ತೆರೆಯಿತು. ಕಂಪನಿಗೆ ಲಾಭ, ಪ್ರತಿಮೆಗೂ ಲಾಭ. ಸತ್ಕಾರ್ಯದ ಹೆಸರಿನಲ್ಲಿ ಸರಕು ಮಾರುವ ಇವತ್ತಿನ ಪದ್ಧತಿಗೆ ಇದೇ ಮಾದರಿ ಎನ್ನುತ್ತಾರೆ.

ಕಂಪನಿ ಲಾಭ ಮಾಡಿಕೊಂಡಿತಲ್ಲ ಎಂದು ಮೂಗು ಮುರಿಯುವವರಿದ್ದಾರೆ. ಈ ಅಂಕಣಕ್ಕೆ ಆ ಬಗ್ಗೆ ಹೊಟ್ಟೆಕಿಚ್ಚಿಲ್ಲ. ವ್ಯಾಪಾರಿ ಲಾಭ ಮಾಡದೆ ಇನ್ನೇನು ಮಾಡಬೇಕು? ನೋಡಬೇಕಾದದ್ದು ಬೇರೆ. ಅಲ್ಲಿ ಒಂದು ಸಲಕ್ಕೆ ಒಂದು ಸೆಂಟು ಎಂದು ಬಿಡಿಸಿ ಹೇಳಿದ್ದರು. ಗಿರಾಕಿ ಬೇಕಾದರೆ ಲೆಕ್ಕ ಹಾಕಬಹುದಿತ್ತು.

ನಮ್ಮಲ್ಲಿ ಐಟಿಸಿಯವರ ಕ್ಲಾಸ್‌ಮೇಟ್ ನೋಟ್‌ಬುಕ್ಕನ್ನು ಮಾರದ ಸ್ಟೇಷನರಿ ಅಂಗಡಿ ಅಪರೂಪ. ನಾಲ್ಕು ನೋಟ್‌ಬುಕ್ಕಿಗೆ ಒಂದು ರೂಪಾಯಿಯಂತೆ ಸಮಾಜ ಸೇವೆಯ ಕೆಲಸಕ್ಕೆ ಎಂದು ಆ ಕಂಪನಿ ಹೇಳಿಕೊಂಡಿತ್ತು. ಅಂದರೆ ಪುಸ್ತಕಕ್ಕೆ ನಾಲ್ಕಾಣೆ. ದೊಡ್ಡದೋ ಸಣ್ಣದೋ, ನಾಲ್ಕಾಣೆ ಎಂದು ಗೊತ್ತಾಯಿತು. ಆದರೆ "ನಿಮ್ಮ ಖರೀದಿಯ ಒಂದು ಭಾಗ ಬಡಮಕ್ಕಳಿಗೆ" ಎಂದು ಬರೆಯುವವರನ್ನು ಏನನ್ನೋಣ? ಯಾವ ಭಾಗ ಸ್ವಾಮಿ? ಅರ್ಧವೋ, ವೀಸವೋ? "ಒಂದು ಭಾಗ ಸಕ್ಕರೆ ಕೊಡಿ" ಎಂದು ಕೇಳಿದರೆ ಯಾವ ಕಿರಾಣಿಯವರಾದರೂ ತೂಕ ಮಾಡಲು ಸಾಧ್ಯವೇ?

ಅಮೇರಿಕದಲ್ಲೇ ಇದರ ಇನ್ನೊಂದು ಮುಖವೂ ಕಂಡಿದೆ. 2010ರಲ್ಲಿ ಕೆಎಫ್‌ಸಿ ಎಂಬ ಕೋಳಿ ಹುರಿದು ಮಾರುವ ಕಂಪನಿ ಸ್ತನ ಕ್ಯಾನ್ಸರ್ ನಿಧಿಗೆಂದು ಗುಲಾಬಿ ಬಣ್ಣದ ಬಕೆಟ್ಟು ತಂದಿತು. ಬಕೆಟ್ಟಿಗೆ 50 ಸೆಂಟು. ಎಣ್ಣೆಯಲ್ಲಿ ಕರಿದ ತಿಂಡಿ ಮಾರಿ ಕಾಯಿಲೆಗೆ ದಾನವೇ ಎಂದು ಜನ ನಕ್ಕರು. ಅದಕ್ಕಿಂತ ಸ್ವಾರಸ್ಯ ಇನ್ನೊಂದಿತ್ತು. ಆ 50 ಸೆಂಟನ್ನು ಅಂಗಡಿಯವರು ಖಾಲಿ ಬಕೆಟ್ಟು ತರಿಸಿಕೊಳ್ಳುವಾಗಲೇ ಕಟ್ಟುತ್ತಿದ್ದರು. ಗಿರಾಕಿ ತಿಂದರೂ ಅಷ್ಟೇ, ಬಿಟ್ಟರೂ ಅಷ್ಟೇ. ನಾನು ತಿಂದದ್ದರಿಂದ ಯಾರಿಗೋ ಔಷಧಿ ಸಿಕ್ಕಿತು ಎಂದು ಬಾಯಿ ಒರೆಸಿಕೊಂಡು ಹೋದವರಿಗೆ ಈ ವಿಷಯ ಎಲ್ಲಿ ಗೊತ್ತು? ನಿಧಿಗೆ 40 ಲಕ್ಷ ಡಾಲರಿಗೂ ಮೀರಿ ಬಂದದ್ದು ನಿಜ, ಅದನ್ನು ಅಲ್ಲಗಳೆಯುವ ಹಾಗಿಲ್ಲ.

ನಮ್ಮ ಸರ್ಕಾರಕ್ಕೆ ಈ ವ್ಯತ್ಯಾಸ ಗೊತ್ತಿದೆ. 2013ರ ಕಂಪನಿ ಕಾಯಿದೆಯ ಪ್ರಕಾರ ನಿಗದಿತ ಮಟ್ಟ ಮೀರಿದ ಕಂಪನಿಗಳು ತಮ್ಮ ಸರಾಸರಿ ಲಾಭದಲ್ಲಿ ನೂರಕ್ಕೆ ಎರಡರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಆದರೆ ತಮ್ಮ ಸರಕಿನ ಪ್ರಚಾರಕ್ಕಾಗಿ ಪ್ರಾಯೋಜಿಸಿದ ಕೆಲಸ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು 2021ರಲ್ಲಿ ತಿದ್ದಿದ ನಿಯಮ ಹೇಳುತ್ತದೆ. ಜಾಹೀರಾತು ಬೇರೆ, ದಾನ ಬೇರೆ. ಪ್ಯಾಕೆಟ್ಟಿನ ಮೇಲೆ ಸುಳ್ಳು ಹೇಳಿ ಗಿರಾಕಿಯನ್ನು ದಾರಿ ತಪ್ಪಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ದೂರು ಕೊಡಲು 1915 ಎಂಬ ಸಹಾಯವಾಣಿ ಇದೆ. ಕಾಯಿದೆ ಇದೆ, ನಂಬರೂ ಇದೆ. ದೂರು ಕೊಡುವ ಗಿರಾಕಿ ಮಾತ್ರ ಇಲ್ಲ. ಹತ್ತು ರೂಪಾಯಿ ಸೋಪಿಗೆ ಯಾಕ್ರೀ ಬೇಕು ಈ ರಗಳೆ ಅಂತಾರೆ.

ಇನ್ನು ಫೋನಿನ ವಿಷಯ. ಇದನ್ನು ಬೈದುಕೊಂಡು ಕೂರುವುದು ಸುಲಭ. ಆದರೆ ಇದರ ಶಕ್ತಿಯನ್ನು ಕಣ್ಣಾರೆ ಕಂಡ ಮೇಲೂ ಬೈದರೆ ತಪ್ಪಾದೀತು. 2014ರಲ್ಲಿ ತಲೆಯ ಮೇಲೆ ಐಸ್ ನೀರು ಸುರಿದುಕೊಳ್ಳುವ ಆಟವೊಂದು ಜಗತ್ತೆಲ್ಲ ಹಬ್ಬಿತು. ಹುಚ್ಚಾಟ ಎಂದವರೇ ಹೆಚ್ಚು. ಆದರೆ ನರಗಳು ಸತ್ತು ಮೈಯೆಲ್ಲ ಸೋಲುವ ಎಎಲ್‌ಎಸ್ ಎಂಬ ಕಾಯಿಲೆಗಾಗಿ ದುಡಿಯುವ ಅಮೇರಿಕದ ಒಂದು ಸಂಸ್ಥೆಗೆ ಅದರಿಂದ 11.5 ಕೋಟಿ ಡಾಲರ್ ಬಂತು. ಆ ಹಣದ ನೆರವು ಪಡೆದ ಸಂಶೋಧನೆಯಿಂದ 2016ರಲ್ಲಿ ಕಾಯಿಲೆಗೆ ಸಂಬಂಧಪಟ್ಟ ಹೊಸ ಜೀನ್ ಒಂದು ಪತ್ತೆಯಾಯಿತು.

ಅಷ್ಟು ದೂರ ಯಾಕೆ, ಪಕ್ಕದ ಕಣ್ಣೂರು ಜಿಲ್ಲೆಯನ್ನೇ ನೋಡಿ. 2021ರಲ್ಲಿ ಅಲ್ಲಿನ ಒಂದು ಪುಟ್ಟ ಮಗುವಿಗೆ ಸ್ನಾಯು ಸೊರಗುವ ಕಾಯಿಲೆ. ಔಷಧಿಯ ಬೆಲೆ 18 ಕೋಟಿ ರೂಪಾಯಿ. ಯಾವ ಮಧ್ಯಮ ವರ್ಗದ ಮನೆಯಿಂದ ಬರಬೇಕು ಅಷ್ಟು ದುಡ್ಡು? ಫೋನಿನಲ್ಲಿ ಕರೆ ಕೊಟ್ಟರು. ಒಂದು ವಾರದೊಳಗೆ ಹಣ ಸೇರಿತು. ಬೇಕಾದದ್ದಕ್ಕಿಂತ ಹೆಚ್ಚೇ ಸೇರಿತು. ಸಾಕು, ಇನ್ನು ಕಳಿಸಬೇಡಿ ಎಂದು ಹೇಳಬೇಕಾಯಿತು.

ಆ "ಸಾಕು" ಎಂಬ ಮಾತನ್ನು ಗಮನಿಸಿ. ನಮ್ಮ ಬಸ್ಸಿನಲ್ಲಿ ಹರಿದಾಡುವ ಫೋಟೋಗಳಿಗೆ ಅಂಥ ಮಾತು ಇರುವುದೇ ಇಲ್ಲ. ತಾರೀಖೂ ಇರುವುದಿಲ್ಲ. ಮಗು ಗುಣವಾಗಿ ಶಾಲೆಗೆ ಹೋಗುತ್ತಿರಬಹುದು, ದೇವರ ಪಾದ ಸೇರಿರಲೂಬಹುದು. ಫೋಟೋ ಮಾತ್ರ ಊರೂರು ತಿರುಗುತ್ತಲೇ ಇರುತ್ತದೆ. ಖಾತೆ ನಂಬರನ್ನು ಯಾರಾದರೂ ನಡುವೆ ಬದಲಿಸಿದರೆ ಗೊತ್ತಾಗುವುದು ಹೇಗೆ? 2020ರಲ್ಲಿ ಕೊರೋನಾ ಕಾಲದಲ್ಲಿ ಪ್ರಧಾನಿ ಹೆಸರಿನ ಪಿಎಂ ಕೇರ್ಸ್ ನಿಧಿಗೇ ಕಳ್ಳರು ನಕಲಿ ಯುಪಿಐ ವಿಳಾಸ ಹುಟ್ಟಿಸಿದ್ದರು. ಒಂದಕ್ಷರ ಬಿಟ್ಟು ಬರೆದರೆ ಸಾಕಾಗಿತ್ತು. ದೇಶದ ಪ್ರಧಾನಿ ಹೆಸರನ್ನೇ ಬಿಡದವರು ನಮ್ಮೂರ ಬಡವನ ಮಗುವಿನ ಫೋಟೋವನ್ನು ಬಿಟ್ಟಾರೆಯೇ?

ಈ ಮೋಸದ ಏಟು ಬೀಳುವುದು ನೂರು ರೂಪಾಯಿ ಕಳೆದುಕೊಂಡವರ ಮೇಲಲ್ಲ. ಅವರು ಒಂದು ದಿನ ಗೊಣಗಿ ಮರೆಯುತ್ತಾರೆ. ನಾಳೆ ನಿಜವಾಗಿ ಕಷ್ಟ ಬಂದ ತಾಯಿ ಸೆರಗೊಡ್ಡಿದಾಗ, "ಅಯ್ಯೋ ಇವೆಲ್ಲ ಬರೀ ಮೋಸ" ಎಂದು ಫೋನು ಮುಚ್ಚುತ್ತಾರಲ್ಲ, ಏಟು ಆ ತಾಯಿಗೆ. ಅವಳ ಬಳಿ ಆಸ್ಪತ್ರೆಯ ಚೀಟಿ ಇರುತ್ತದೆ, ಡಾಕ್ಟರ ಸಹಿ ಇರುತ್ತದೆ. ಓದುವ ತಾಳ್ಮೆ ನಮಗೆ ಉಳಿದಿರುವುದಿಲ್ಲ.

ಬರೀ ಹೆಬ್ಬೆರಳು ಒತ್ತಿ ಮುಂದೆ ಕಳಿಸುವವರಿಗೂ ಒಂದು ಮಾತು. 2013ರಲ್ಲಿ ಸ್ವೀಡನ್ ದೇಶದ ಯುನಿಸೆಫ್‌ನವರು ಜಾಹೀರಾತು ಕೊಟ್ಟು, ನಿಮ್ಮ ಲೈಕಿನಿಂದ ಮಕ್ಕಳಿಗೆ ಲಸಿಕೆ ಬರುವುದಿಲ್ಲ, ದುಡ್ಡು ಕೊಡಿ ಎಂದು ನೇರವಾಗಿ ಕೇಳಿದ್ದರು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಹತ್ತು ಗುಂಪಿಗೆ ಫೋಟೋ ಕಳಿಸಿ ಪುಣ್ಯ ಬಂತೆಂದುಕೊಳ್ಳುವ ಬದಲು, ಚೀಟಿಯಲ್ಲಿರುವ ಆಸ್ಪತ್ರೆಗೆ ಒಂದು ಫೋನು ಮಾಡಿದರೆ ಒಂದು ನಿಮಿಷದ ಕೆಲಸ. ಫೋಟೋದಲ್ಲಿರುವ ನಂಬರಿಗಲ್ಲ, ಆಸ್ಪತ್ರೆಯ ಸ್ವಂತ ನಂಬರಿಗೆ. ಕಷ್ಟದಲ್ಲಿರುವವರಿಗೂ ಮೊದಲು ಹೇಳಬೇಕಾದ ಮಾತೊಂದಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಂಟು. ಇದು ಗೊತ್ತಿಲ್ಲದೆ ಮನೆ ಮಾನ ಫೋನಿಗೆ ಹಾಕಿ ಕೈಯೊಡ್ಡುವವರು ಇದ್ದಾರೆ. ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿದರೆ ದಾರಿ ಹೇಳುತ್ತಾರೆ, ಹೇಳಬೇಕು.

ಹಣ ಸೇರಿಸಿಕೊಡುವ ದೊಡ್ಡ ಆನ್‌ಲೈನ್ ಕಂಪನಿಗಳಿವೆ. ಆಸ್ಪತ್ರೆಯ ಕಾಗದ ನೋಡಿ ಹಾಕುವವರು, ಎಷ್ಟು ಬಂತು ಎಂದು ಅಲ್ಲೇ ತೋರಿಸುವವರು ಅವರಲ್ಲಿದ್ದಾರೆ. ಅಷ್ಟು ಒಳ್ಳೆಯದು. ಆದರೆ ಕೊಡುವಾಗ ಕಣ್ಣು ಬಿಟ್ಟು ನೋಡಿ. ಕಂಪನಿಗೇ ಸೇರುವ 'ಟಿಪ್ಸ್' ಎಂಬ ಬಾಬ್ತು ಕೆಲವು ಕಡೆ ಮೊದಲೇ ಸೇರಿಕೊಂಡಿರುತ್ತದೆ. ಬೇಡವೆಂದರೆ ತೆಗೆಯಬಹುದು. ಅವರಿಗೂ ಖರ್ಚಿದೆ, ಕೊಡುವ ಮನಸ್ಸಿದ್ದರೆ ಕೊಡಿ. ಗೊತ್ತಿದ್ದು ಕೊಡಿ. ಒಬ್ಬ ವ್ಯಕ್ತಿಯ ಚಿಕಿತ್ಸೆಗೆ ಕೊಟ್ಟದ್ದಕ್ಕೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಇಲ್ಲ, ಮಾನ್ಯತೆ ಪಡೆದ ಸಂಸ್ಥೆಗೆ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೂ ಇಲ್ಲ ಎಂಬುದು ವರ್ತಕರ ನೆನಪಿಗೆ.

ಈಗ ನಮ್ಮ ಪೇಟೆಯ ವಿಷಯಕ್ಕೆ ಬರೋಣ. ಗಣಪತಿ ಚಂದಾ ಎತ್ತುವ ಹುಡುಗರೂ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಹಬ್ಬ ಮುಗಿದ ಮೇಲೆ ಒಳ್ಳೆಯ ಮಂಡಳಿಯವರು ಜಮಾ ಖರ್ಚನ್ನು ಬೋರ್ಡಿಗೆ ಬರೆದು ಹಾಕುತ್ತಾರೆ. ಪೆಂಡಾಲಿಗೆ ಎಷ್ಟು, ಮೈಕಿಗೆ ಎಷ್ಟು, ಉಳಿದದ್ದೆಷ್ಟು. ಸ್ಕ್ಯಾನರ್ ಅಂಟಿಸಿ ಹೋಗುವವರಿಗೆ ಇಷ್ಟೂ ಬೇಡವೇ? ಫೋನಿನಲ್ಲಿ ಬರುವ ದುಡ್ಡಿಗೆ ಪೈಸೆ ಪೈಸೆಗೂ ಬ್ಯಾಂಕಿನ ದಾಖಲೆ ಇರುತ್ತದೆ. ಮನಸ್ಸಿದ್ದರೆ ದಿನ ದಿನದ ಲೆಕ್ಕ ತೋರಿಸಬಹುದು. ರಸೀದಿ ಪುಸ್ತಕದ ಕಾಲದವರಿಗೆ ಈ ಸೌಕರ್ಯ ಇರಲಿಲ್ಲ.

ಆದ್ದರಿಂದ ಅಂಗಡಿಯವರಲ್ಲಿ ನಮ್ಮ ಕೋರಿಕೆ. ಸಂಸ್ಥೆಯ ಹೆಸರು, ನೋಂದಣಿ ನಂಬರು, ಊರಿನಲ್ಲಿ ಸಿಗುವ ಒಬ್ಬ ಜವಾಬ್ದಾರ ಮನುಷ್ಯನ ವಿಳಾಸ ಕೊಡದೆ ಯಾವ ಸ್ಕ್ಯಾನರನ್ನೂ ಗೋಡೆಗೆ ಸೇರಿಸಬೇಡಿ. ಕೊಟ್ಟರೆ ನೀವೇ ಮೊದಲು ಒಂದು ರೂಪಾಯಿ ಹಾಕಿ ನೋಡಿ. ಹಣ ಹೋಗುವ ಮೊದಲು ಖಾತೆದಾರನ ಹೆಸರು ಬರುತ್ತದೆ. ಆಶ್ರಮದ ಬೋರ್ಡಿಗೆ ಯಾರದೋ ಸ್ವಂತ ಹೆಸರು ಬಂದರೆ ಅಲ್ಲೇ ಕಿತ್ತು ಹಾಕಿ. ನಿಮ್ಮ ಗಿರಾಕಿ ದುಡ್ಡು ಹಾಕುವುದು ಆ ಆಶ್ರಮವನ್ನು ನೋಡಿ ಅಲ್ಲ. ಇಪ್ಪತ್ತು ವರ್ಷದಿಂದ ನಿಮ್ಮ ತಕ್ಕಡಿ ನಂಬಿದ್ದಾನಲ್ಲ, ಆ ನಂಬಿಕೆಯ ಮೇಲೆ.

ವರ್ತಕರ ಸಂಘದವರು ಒಂದು ರಿಜಿಸ್ಟರ್ ಇಡಲಿ. ಯಾವ ಅಂಗಡಿಯಲ್ಲಿ ಯಾವ ಸಂಸ್ಥೆಯ ಪೆಟ್ಟಿಗೆ ಅಥವಾ ಸ್ಕ್ಯಾನರ್ ಇದೆ, ಎಂದಿನಿಂದ ಇದೆ, ಕಡೆಯ ಲೆಕ್ಕ ಯಾವಾಗ ಬಂತು, ಇಷ್ಟು ಬರೆದರೆ ಸಾಕು. ಮೂರು ತಿಂಗಳಿಗೊಮ್ಮೆ ಲೆಕ್ಕ ಬಾರದಿದ್ದರೆ ತೆಗೆಸಲಿ. ಮೋಸ ಕಂಡರೆ ಗುಟ್ಟು ಮಾಡದೆ 1930ಕ್ಕೆ ಫೋನು ಮಾಡಿ, ಎಷ್ಟು ಬೇಗ ಮಾಡಿದರೆ ಹಣ ತಡೆಯುವ ಅವಕಾಶ ಅಷ್ಟು ಹೆಚ್ಚು.

ಲೆಕ್ಕ ತೋರಿಸಲು ಜಾಗವಿಲ್ಲ ಎನ್ನುವ ಸಂಸ್ಥೆಗಳಿಗೆ ಈ ಪತ್ರಿಕೆ ಜಾಗ ಕೊಡುತ್ತದೆ. ಬಂದದ್ದು, ಹೋದದ್ದು, ಉಳಿದದ್ದು, ಬ್ಯಾಂಕಿನ ಕಾಗದದ ಜೊತೆ ಶನಿವಾರ ಬೆಳಿಗ್ಗೆ ಹನ್ನೊಂದರೊಳಗೆ ಕಚೇರಿಗೆ ತಂದುಕೊಟ್ಟರೆ ಅಂದಿನ ಸಂಜೆಯ ಸಂಚಿಕೆಯಲ್ಲೇ ಬರುತ್ತದೆ. ಕಾಸು ಕೊಡಬೇಕಾಗಿಲ್ಲ.